ತಿನ್ನುವ ಅನ್ನಕ್ಕೆ ಮೈ ಮುನಿಯುವುದೇಕೆ?

ಮಾರ್ಚ್ ಬಂತೆಂದರೆ ನಮ್ಮ ಕಾಸರಗೋಡು ಜಿಲ್ಲೆಯ ಮುಳ್ಳೇರಿಯ, ಬದಿಯಡ್ಕ, ಪೆರ್ಲ ಕಡೆಯ ಗುಡ್ಡಗಳಲ್ಲಿ ಗೇರುಹಣ್ಣಿನ ಘಮ. ಅಲ್ಲಿ ಓಡಾಡಿ ಬೆಳೆದ ಮಕ್ಕಳಿಗೆ ಗೇರುಬೀಜದ ಸೊನೆ ಹೊಸದಲ್ಲ. ಹಸಿಬೀಜಕ್ಕೆ ಹಲ್ಲು ಹಾಕಿದರೆ ತುಟಿ ಸುಡುತ್ತದೆ. ಸಿಪ್ಪೆಯ ಎಣ್ಣೆ ಬೆರಳಿಗೆ ತಾಗಿದರೆ ಚರ್ಮ ಕಪ್ಪಾಗಿ ಸುಲಿದು ಬರುತ್ತದೆ. ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಮುಂತಾದ ಸುಡುವ ವಸ್ತುಗಳು ಆ ಎಣ್ಣೆಯಲ್ಲಿವೆ. ಬೀಜವನ್ನು ಯಾರೂ ತಿನ್ನದಿರಲಿ ಎಂದು ಮರ ಮಾಡಿಕೊಂಡ ಏರ್ಪಾಡು ಅದು. ಬಡವ, ಬಲ್ಲಿದ, ದೊಡ್ಡವರು, ಚಿಕ್ಕವರು ಎಂಬ ಭೇದ ಅದಕ್ಕಿಲ್ಲ.

ಅದೇ ಬೀಜವನ್ನು ಹುರಿದು, ಒಡೆದು, ಒಳಗಿನ ಬಿಳಿ ತಿರುಳನ್ನು ತುಪ್ಪದಲ್ಲಿ ಕೆಂಪಗೆ ಮಾಡಿ ಪಾಯಸಕ್ಕೆ ಹಾಕಿದರೆ ಪಂಕ್ತಿಯಲ್ಲಿ ಕೂತವರೆಲ್ಲ ಬೇಕು ಬೇಕು ಅನ್ನುತ್ತಾರೆ. ಎಲ್ಲೋ ಅಪರೂಪಕ್ಕೆ ಒಂದು ಮಗು ಮಾತ್ರ ಎರಡು ತುತ್ತು ಉಂಡು ಬಾಯಿ ತುರಿಸುತ್ತದೆ ಎನ್ನುತ್ತದೆ. ನೋಡುನೋಡುತ್ತಾ ತುಟಿ ಊದುತ್ತದೆ, ಮೈಮೇಲೆ ದದ್ದು ಏಳುತ್ತದೆ, ವಾಂತಿಯಾಗುತ್ತದೆ. ಪಕ್ಕದಲ್ಲಿ ಕೂತ ಅಣ್ಣನಿಗೆ ಏನೂ ಆಗಿರುವುದಿಲ್ಲ. ತಿರುಳಿನಲ್ಲಿ ವಿಷ ಇಲ್ಲ. ಮಗುವಿನ ಮೈಯೇ ಒಂದು ಯುದ್ಧ ಹೂಡಿದೆ, ಅದೂ ಒಳ್ಳೆಯ ಆಹಾರದ ಮೇಲೆ. ಇದೇ ಆಹಾರದ ಅಲರ್ಜಿ.

ಮೊದಲನೆಯದರ ಅರ್ಥ ಸುಲಭ. ಎರಡನೆಯದು ಒಗಟು. ಹೊಟ್ಟೆ ತುಂಬಿಸುವ ವಸ್ತುವನ್ನೇ ಶತ್ರು ಎಂದುಕೊಳ್ಳುವ ಗುಣ ಲಕ್ಷಾಂತರ ವರ್ಷಗಳ ವಿಕಾಸದಲ್ಲಿ ಯಾಕೆ ಅಳಿಸಿಹೋಗಲಿಲ್ಲ? ಮನೆಯ ಹಿರಿಯರು ಇನ್ನೊಂದು ಮಾತು ಸೇರಿಸುತ್ತಾರೆ: "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಮಗಾ." ಎರಡೂ ಸರಿಯಾದ ಪ್ರಶ್ನೆಗಳೇ. ಇವುಗಳಿಗೆ ಸಿಗುವ ಉತ್ತರದ ಮೇಲೆ ನಾವು ಮಕ್ಕಳಿಗೆ ಏನು ತಿನ್ನಿಸುತ್ತೇವೆ, ಏನು ಬಿಡಿಸುತ್ತೇವೆ ಎಂಬುದೂ ನಿಂತಿದೆ.

ಮೊದಲು ಯಾವುದು ಅಲರ್ಜಿ ಅಲ್ಲ ಎಂದು ನೋಡೋಣ, ಯಾಕೆಂದರೆ ನಮ್ಮ ಕಡೆ ಗೊಂದಲ ಇಲ್ಲೇ ಜಾಸ್ತಿ. ಆಟಿ ತಿಂಗಳಲ್ಲಿ ಪತ್ರೊಡೆ ತಿಂದು ಗಂಟಲು ಕೆರೆದರೆ ಅದು ಅಲರ್ಜಿ ಅಲ್ಲ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಹುಳಿ ಕಡಿಮೆಯಾಗಿ, ಬೇಯುವುದೂ ಸಾಲದಾದರೆ ಅವು ಎಲ್ಲರಿಗೂ ಚುಚ್ಚುತ್ತವೆ. ಬಂಗುಡೆಯದು ಇನ್ನೂ ಮೋಸದ ಕಥೆ. ಹಿಡಿದ ಮೀನನ್ನು ಸರಿಯಾಗಿ ಮಂಜುಗಡ್ಡೆಯಲ್ಲಿ ಇಡದಿದ್ದರೆ ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲಿರುವ ಹಿಸ್ಟಿಡಿನ್ ಅನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಎಷ್ಟು ಬೇಯಿಸಿದರೂ ಆ ಹಿಸ್ಟಮಿನ್ ಹೋಗುವುದಿಲ್ಲ. ತಿಂದವರ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ದದ್ದು ಏಳುತ್ತದೆ. ನೋಡಲು ಥೇಟ್ ಅಲರ್ಜಿಯೇ. ಆದರೆ ಅದು ಹಳಸಿದ ಮೀನಿನ ವಿಷ. ಒಂದೇ ಬಾಣಲೆಯ ಮೀನು ತಿಂದ ಮೂವರಿಗೂ ಹೀಗಾದರೆ ದೂರಬೇಕಾದ್ದು ಮೀನು ಇಟ್ಟ ಬಗೆಯನ್ನು. "ನನಗೆ ಬಂಗುಡೆ ಆಗುವುದಿಲ್ಲ" ಎಂದು ಜೀವನವಿಡೀ ಬಿಟ್ಟವರಲ್ಲಿ ಕೆಲವರಾದರೂ ಒಂದು ದಿನದ ಕೆಟ್ಟ ಮೀನಿಗೆ ಶಿಕ್ಷೆ ಅನುಭವಿಸುತ್ತಿರಬಹುದು.

ನಿಜವಾದ ಅಲರ್ಜಿಯಲ್ಲಿ ಹಿಸ್ಟಮಿನ್ ಬರುವುದು ನಮ್ಮ ಮೈಯೊಳಗಿನಿಂದಲೇ. ಚರ್ಮದ ಅಡಿಯಲ್ಲಿ, ಮೂಗು, ಶ್ವಾಸನಾಳ, ಕರುಳಿನ ಗೋಡೆಗಳಲ್ಲಿ ಮಾಸ್ಟ್ ಕೋಶಗಳು ಎಂಬ ಜೀವಕೋಶಗಳಿವೆ. ಹೊರಗಿನ ಜಗತ್ತು ಮೈಗೆ ತಾಗುವ ಗಡಿಗಳಲ್ಲೇ ಅವು ಗುಂಪಾಗಿರುತ್ತವೆ. ಅವುಗಳ ಒಳಗೆ ಹಿಸ್ಟಮಿನ್ ಮತ್ತು ಹಲವು ಕಿಣ್ವಗಳು ಸಣ್ಣ ಸಣ್ಣ ಗುಳಿಗೆಗಳಲ್ಲಿ ತುಂಬಿಕೊಂಡು ತಯಾರಾಗಿರುತ್ತವೆ. ಮೇಲ್ಮೈಯಲ್ಲಿ ಐಜಿಇ ಎಂಬ ಪ್ರತಿಕಾಯ, ಅಂದರೆ ಹೊರಗಿನ ವಸ್ತುವನ್ನು ಗುರುತು ಹಿಡಿಯಲು ಮೈ ಮಾಡಿಕೊಳ್ಳುವ ಪ್ರೋಟೀನು, ಕಚ್ಚಿಕೊಂಡಿರುತ್ತದೆ. ರಕ್ತದಲ್ಲಿ ಐಜಿಇಯ ಆಯಸ್ಸು ಎರಡು ಮೂರು ದಿನ ಅಷ್ಟೇ, ಮಾಸ್ಟ್ ಕೋಶದ ಮೇಲೆ ಕೂತರೆ ವಾರಗಟ್ಟಲೆ ಇರುತ್ತದೆ. ಮೊದಲ ಸಲ ಒಂದು ಪ್ರೋಟೀನು ಕಂಡಾಗ ಮೈ ಅದಕ್ಕೆ ಹೊಂದುವ ಐಜಿಇ ಮಾಡಿಟ್ಟುಕೊಳ್ಳುತ್ತದೆ. ಹೊರಗೆ ಏನೂ ಗೊತ್ತಾಗುವುದಿಲ್ಲ. ಮುಂದಿನ ಸಲ ಅದೇ ಪ್ರೋಟೀನು ಬಂದು ಎರಡು ಐಜಿಇಗಳನ್ನು ಒಟ್ಟಿಗೆ ತಾಗಿದರೆ ಆ ಗುಳಿಗೆಗಳೆಲ್ಲ ನಿಮಿಷಗಳಲ್ಲಿ ಹೊರಗೆ ಸುರಿಯುತ್ತವೆ. ರಕ್ತನಾಳ ಸೋರುತ್ತದೆ, ಚರ್ಮ ಊದುತ್ತದೆ, ಶ್ವಾಸನಾಳ ಬಿಗಿಯುತ್ತದೆ, ಕರುಳು ಹಿಂಡುತ್ತದೆ.

ರಕ್ತದಲ್ಲಿ ಇಂಥದ್ದೊಂದು ಇದೆ ಎಂದು ತೋರಿಸಿದ್ದು ಮೀನೇ. 1921ರಲ್ಲಿ ಜರ್ಮನಿಯಲ್ಲಿ ಕುಸ್ಟ್ನರ್ ಎಂಬ ವೈದ್ಯನಿಗೆ ಬೇಯಿಸಿದ ಮೀನು ಆಗುತ್ತಿರಲಿಲ್ಲ. ಅವನ ರಕ್ತದ ಸೀರಮ್ ಅನ್ನು ಸಹೋದ್ಯೋಗಿ ಪ್ರೌಸ್ನಿಟ್ಜ್ ತನ್ನ ಹೊಟ್ಟೆಯ ಚರ್ಮಕ್ಕೆ ಚುಚ್ಚಿಸಿಕೊಂಡ. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಅಲ್ಲಿ ಮಾತ್ರ ದದ್ದು ಎದ್ದಿತು. ಪ್ರೌಸ್ನಿಟ್ಜ್‌ಗೆ ಮೀನಿನ ಅಲರ್ಜಿ ಇರಲೇ ಇಲ್ಲ. ಆ ಅದೃಶ್ಯ ವಸ್ತು ಐಜಿಇ ಎಂದು ಗೊತ್ತಾಗಲು 1960ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿ ಇಶಿಜಾಕಾ ದಂಪತಿ, ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್ ಬೇರೆ ಬೇರೆ ದಾರಿಯಲ್ಲಿ ಅದನ್ನು ತಲುಪಿದರು.

ಯಾವ ಶತ್ರುವಿಗಾಗಿ ಈ ಸೇನೆ?

ಐಜಿಇ ಇರುವುದು ಸಸ್ತನಿಗಳಲ್ಲಿ ಮಾತ್ರ, ಆದರೆ ಸಸ್ತನಿಗಳೆಲ್ಲದರಲ್ಲೂ ಇದೆ. ಮೊಟ್ಟೆ ಇಡುವ ಪ್ಲಾಟಿಪಸ್‌ನಲ್ಲೂ ಇದೆ. ಇಷ್ಟು ಕಾಲ ಉಳಿದುಕೊಂಡ ವ್ಯವಸ್ಥೆಗೆ ಏನೋ ಕೆಲಸ ಇದ್ದೇ ಇರಬೇಕಲ್ವಾ?

ಬಹಳ ಕಾಲ ಕೊಟ್ಟ ಉತ್ತರ ಹುಳು. ಜಂತುಹುಳು, ಕೊಕ್ಕೆಹುಳು ಬ್ಯಾಕ್ಟೀರಿಯಾದಷ್ಟು ಸಣ್ಣವಲ್ಲ, ರಕ್ಷಣಾಕೋಶಗಳು ನುಂಗಿಹಾಕಲು ಆಗುವುದಿಲ್ಲ. ಅವನ್ನು ಕೆರೆದು, ಕೆಮ್ಮಿ, ವಾಂತಿ ಭೇದಿ ಮಾಡಿ ಹೊರಗೆ ತಳ್ಳಬೇಕು. ಹುಳು ಹೊಕ್ಕ ಮೈಯಲ್ಲಿ ಐಜಿಇ ವಿಪರೀತ ಏರುವುದು ನಿಜ. ಗದ್ದೆಯಲ್ಲಿ, ತೋಟದಲ್ಲಿ ಬರಿಗಾಲಲ್ಲಿ ದುಡಿದ ನಮ್ಮ ಅಜ್ಜ ಅಜ್ಜಿಯರ ತಲೆಮಾರಿಗೆ ಕೊಕ್ಕೆಹುಳು ಅಪರೂಪವಾಗಿರಲಿಲ್ಲ.

ಎರಡನೆಯ ಉತ್ತರ ವಿಷ. 1991ರಲ್ಲಿ ಮಾರ್ಗಿ ಪ್ರೊಫೆಟ್ ಎಂಬ ಅಮೆರಿಕದ ಸಂಶೋಧಕಿ, ಅಲರ್ಜಿ ಎಂಬುದು ವಿಷವನ್ನು ಬೇಗ ಹೊರಹಾಕುವ ಕೊನೆಯ ಸಾಲಿನ ರಕ್ಷಣೆ ಎಂದು ವಾದಿಸಿದರು. ಸೀನು, ಕೆಮ್ಮು, ಕಣ್ಣೀರು, ವಾಂತಿ, ಭೇದಿ, ತುರಿಕೆ ಎಲ್ಲವೂ ಹೊರಗೆ ಹಾಕುವ ಕೆಲಸಗಳೇ. ಹುಳುವನ್ನು ಓಡಿಸಲು ವಾರಗಳ ಸಮಯ ಇರುತ್ತದೆ, ಆದರೆ ಅಲರ್ಜಿ ನಿಮಿಷಗಳಲ್ಲಿ ಏಳುತ್ತದೆ. ಇಷ್ಟು ಅವಸರ ಯಾಕೆ? ವಿಷಕ್ಕಾದರೆ ಅವಸರ ಬೇಕೇ ಬೇಕು. ಆಗ ಈ ವಾದವನ್ನು ಹೆಚ್ಚಿನವರು ಒಪ್ಪಲಿಲ್ಲ. ನನಗೆ ಅದರಲ್ಲಿ ಮೊದಲಿನಿಂದಲೂ ಹಿಡಿಸಿದ್ದು ಈ ವೇಗದ ಪ್ರಶ್ನೆ.

ಪುರಾವೆ ಬಂದದ್ದು ತಡವಾಗಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀಫನ್ ಗಾಲಿ ಅವರ ತಂಡ 2006ರಲ್ಲಿ, ಮಾಸ್ಟ್ ಕೋಶಗಳಿಂದ ಹೊರಬರುವ ಕಿಣ್ವಗಳು ಹಾವಿನ ವಿಷದ ಅಣುಗಳನ್ನು ತುಂಡರಿಸುತ್ತವೆ ಎಂದು ತೋರಿಸಿತು. 2013ರಲ್ಲಿ ಅದೇ ತಂಡ ಇಲಿಗಳಿಗೆ ಮೊದಲು ಸ್ವಲ್ಪ ಜೇನುನೊಣದ ವಿಷ ಕೊಟ್ಟು, ವಾರಗಳ ನಂತರ ಸಾಯುವಷ್ಟು ವಿಷ ಕೊಟ್ಟಿತು. ಐಜಿಇ ಮಾಡಿಕೊಂಡ ಇಲಿಗಳಲ್ಲಿ ಹೆಚ್ಚಿನವು ಬದುಕಿದವು. ಐಜಿಇ ಇಲ್ಲದಂತೆ ಮಾಡಿದ ಇಲಿಗಳಿಗೆ ಆ ರಕ್ಷಣೆ ಸಿಗಲಿಲ್ಲ. ಕೊಳಕುಮಂಡಲದ ವಿಷದಲ್ಲೂ ಇಂಥದ್ದೇ ಫಲ ಬಂತು. ಕೊಳಕುಮಂಡಲ ನಮ್ಮ ಅಡಿಕೆ ತೋಟದ ಒಣಸೋಗೆಯಲ್ಲಿ ಮಲಗುವ ಹಾವು, ಹಾಗಾಗಿ ಇದು ಯಾವುದೋ ದೂರದ ಪ್ರಯೋಗಾಲಯದ ವಿಚಾರ ಎಂದು ನನಗೆ ಅನ್ನಿಸುವುದಿಲ್ಲ. (ಹಾವು ಕಚ್ಚಿದರೆ ಆಸ್ಪತ್ರೆಗೇ ಹೋಗಬೇಕು. ಇಲಿಯ ಪ್ರಯೋಗ ಮನುಷ್ಯನಿಗೆ ಔಷಧಿಯಲ್ಲ.)

ಮೂರನೆಯ ಉತ್ತರ ತೀರಾ ಇತ್ತೀಚಿನದು. ಆಹಾರದ ಮಟ್ಟಿಗೆ ಅದೇ ಮುಖ್ಯ ಎಂದು ನನ್ನ ಅನಿಸಿಕೆ. 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಎರಡು ಬೇರೆ ತಂಡಗಳ ಪ್ರಬಂಧಗಳು ಒಟ್ಟಿಗೆ ಬಂದವು. ಒಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರುಸ್ಲಾನ್ ಮೆಜಿಟೋವ್ ಅವರ ತಂಡ, ಇನ್ನೊಂದು ಜರ್ಮನಿಯ ಹೈಡೆಲ್‌ಬರ್ಗ್‌ನದು. ಮೊಟ್ಟೆಯ ಬಿಳಿಯ ಪ್ರೋಟೀನಿಗೆ ಅಲರ್ಜಿ ಬರಿಸಿದ ಇಲಿಗಳ ಮುಂದೆ ಎರಡು ಬಾಟಲಿ ಇಟ್ಟರು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಆ ಪ್ರೋಟೀನು ಬೆರೆಸಿದ ನೀರು. ಇಲಿಗಳು ಎರಡನೆಯದನ್ನು ಮುಟ್ಟದೆ ದೂರ ಉಳಿದವು. ಐಜಿಇ ಅಥವಾ ಮಾಸ್ಟ್ ಕೋಶ ಇಲ್ಲದ ಇಲಿಗಳಿಗೆ ಆ ಹೇವರಿಕೆ ಬರಲೇ ಇಲ್ಲ, ಸುಮ್ನೆ ಕುಡಿದವು. ಅಂದರೆ ಕರುಳಿನ ರಕ್ಷಣಾಕೋಶ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ: ಇದು ಬೇಡ. ತಿಂದು ನಂಜೇರಿದ ಮೇಲೆ ಹೋರಾಡುವುದಕ್ಕಿಂತ ತಿನ್ನದೇ ಇರುವುದು ಎಷ್ಟೋ ವಾಸಿ.

ಮಕ್ಕಳ ವಿಷಯದಲ್ಲಿ ಇದು ನಮಗೆ ಬೇಕಾದ ಮಾತು. ಸೀಗಡಿ ಸುಕ್ಕ ಮಾಡಿದ ದಿನ ಒಂದು ಮಗು ಮಾತ್ರ ತಟ್ಟೆ ದೂಡುತ್ತದೆ, ಬಾಯಿ ಚುರುಚುರು ಎನ್ನುತ್ತದೆ, ಹೊಟ್ಟೆನೋವು ಎನ್ನುತ್ತದೆ. ನಾವು ಹಟ ಎಂದು ಗದರಿಸುತ್ತೇವೆ, ಒಂದು ತುತ್ತು ತಿಂದೇ ಏಳಬೇಕು ಎನ್ನುತ್ತೇವೆ. ಮಕ್ಕಳ ಹಟವೆಲ್ಲ ಅಲರ್ಜಿಯಲ್ಲ, ನಿಜ. ಆದರೆ ಒಂದೇ ಪದಾರ್ಥಕ್ಕೆ ಪ್ರತಿಸಲವೂ ಹೀಗಾದರೆ ಅದನ್ನು ಕೇಳಿಸಿಕೊಳ್ಳಬೇಕು. ಆ ಮಗುವಿನ ಕರುಳಿಗೆ ನಮಗೆ ಗೊತ್ತಿಲ್ಲದ್ದು ಗೊತ್ತಿರಬಹುದು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಗೇರು ನಮ್ಮ ಮರವಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು. ನೆಲಗಡಲೆಯೂ ದಕ್ಷಿಣ ಅಮೆರಿಕದ್ದೇ. ನಾಲ್ಕೈದು ಶತಮಾನ ವಿಕಾಸದ ಲೆಕ್ಕದಲ್ಲಿ ಏನೂ ಅಲ್ಲ. ಹಾಗಾಗಿ ಗೋಡಂಬಿಯ ಅಲರ್ಜಿ ಗೋಡಂಬಿಯಿಂದ ಕಾಪಾಡಲು ಹುಟ್ಟಿದ್ದಲ್ಲ. ವ್ಯವಸ್ಥೆಗೆ ಉದ್ದೇಶ ಇದೆ, ಅದು ಹಿಡಿದ ಗುರಿ ತಪ್ಪು. ಈ ವ್ಯತ್ಯಾಸವನ್ನು ಬಿಟ್ಟುಬಿಟ್ಟರೆ "ಮೈಗೆ ಬೇಡದ್ದನ್ನು ಮೈ ತಾನೇ ಹೇಳುತ್ತದೆ" ಎಂಬ ಅರ್ಧಸತ್ಯದಲ್ಲಿ ಸಿಕ್ಕಿಬೀಳುತ್ತೇವೆ.

ಗುರಿ ತಪ್ಪುವುದಕ್ಕೂ ಕಾರಣ ಇದೆ. ಸೀಗಡಿಯ ಸ್ನಾಯುವಿನಲ್ಲಿ ಟ್ರೋಪೋಮಯೋಸಿನ್ ಎಂಬ ಪ್ರೋಟೀನು ಇದೆ. ಹೆಚ್ಚಿನ ಸೀಗಡಿ ಅಲರ್ಜಿಗೆ ಕಾರಣ ಅದೇ. ತುಂಬಾ ಹೋಲುವ ಪ್ರೋಟೀನು ಏಡಿಯಲ್ಲಿ, ಜಿರಳೆಯಲ್ಲಿ, ಹಾಸಿಗೆಯ ದೂಳಿನ ನುಸಿಯಲ್ಲಿ, ಹೊಟ್ಟೆಯ ಜಂತುಹುಳುವಿನಲ್ಲೂ ಇದೆ. ಹುಳುವನ್ನು ಗುರುತಿಸಲು ಕಲಿತ ಮೈ ಸೀಗಡಿಯನ್ನು ಕಂಡು ಬೆಚ್ಚಿದರೆ ಅದರಲ್ಲಿ ಅಚ್ಚರಿಯಿಲ್ಲ. ಗುರುತಿನಲ್ಲಿ ಸ್ವಲ್ಪ ತಪ್ಪಾದರೂ ಸರಿ, ತಡವಾಗಬಾರದು ಎಂಬುದು ಅದರ ಲೆಕ್ಕ. ಅಮೆರಿಕದ ವೈದ್ಯ ರ‍್ಯಾಂಡಾಲ್ಫ್ ನೆಸ್ಸಿ ಮೈಯ ಇಂಥ ಅತಿರೇಕಗಳ ಬಗ್ಗೆ ಬಹಳ ಬರೆದಿದ್ದಾರೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ತೋಟದ ಮನೆಯ ನಾಯಿ ಬೆಕ್ಕಿಗೂ ಬೊಗಳಿದರೆ ನಿದ್ದೆ ಹಾಳಾಗುತ್ತದೆ ಅಷ್ಟೇ, ಕಾಡುಹಂದಿ ಬಂದ ಒಂದು ರಾತ್ರಿ ಸುಮ್ಮನಿದ್ದರೆ ಬೆಳೆಯೇ ಹಾಳು. ಹಾಗಾಗಿ ಜಾಸ್ತಿ ಬೊಗಳುವ ನಾಯಿಯೇ ಉಳಿದುಕೊಂಡಿತು.

ಈಗಲೇ ಯಾಕೆ ಜಾಸ್ತಿ?

ಬೊಗಳುವ ಗುಣ ಹಳೆಯದು, ಆದರೆ ಆಹಾರದ ಅಲರ್ಜಿ ಹೆಚ್ಚಿದ್ದು ಕಳೆದ ಕೆಲವು ದಶಕಗಳಲ್ಲಿ, ಮೊದಲು ಶ್ರೀಮಂತ ದೇಶಗಳಲ್ಲಿ. 1989ರಲ್ಲಿ ಬ್ರಿಟನ್ನಿನ ಡೇವಿಡ್ ಸ್ಟ್ರಾಕನ್, ಅಣ್ಣ ಅಕ್ಕ ಜಾಸ್ತಿ ಇರುವ ಮನೆಯ ಮಕ್ಕಳಿಗೆ ಪರಾಗದ ಅಲರ್ಜಿ ಕಡಿಮೆ ಎಂದು ಗಮನಿಸಿದರು. ಸಣ್ಣಪುಟ್ಟ ಸೋಂಕು, ಮಣ್ಣು, ದನಕರುವಿನ ಒಡನಾಟ ರಕ್ಷಣಾವ್ಯವಸ್ಥೆಗೆ ಸಂಯಮ ಕಲಿಸುತ್ತದೆ ಎಂಬ ವಿಚಾರ ಅಲ್ಲಿಂದ ಬೆಳೆಯಿತು. ಹುಳು ಹೋದದ್ದೇ ಕಾರಣವೇ ಎಂಬುದರಲ್ಲಿ ಫಲಿತಾಂಶಗಳು ಒಂದೇ ತೆರನಾಗಿಲ್ಲ. ಹಂದಿಯ ಹುಳುವಿನ ಮೊಟ್ಟೆ ಕುಡಿಸಿ ಅಲರ್ಜಿ ತಗ್ಗಿಸುವ ಪ್ರಯತ್ನವೂ ಡೆನ್ಮಾರ್ಕ್‌ನಲ್ಲಿ ಫಲ ಕೊಡಲಿಲ್ಲ. ಅಂಗನವಾಡಿಯಲ್ಲಿ, ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಈ ಕಾರಣಕ್ಕೆ ತಪ್ಪಿಸಬೇಡಿ. ಹುಳು ತರುವ ರಕ್ತಹೀನತೆ ಖಚಿತವಾದ ಕೇಡು.

ಹೆಚ್ಚು ಗಟ್ಟಿಯಾದ ವಿವರಣೆ ಚರ್ಮದ್ದು. ಲಂಡನ್ನಿನ ಗಿಡಿಯನ್ ಲ್ಯಾಕ್ ಹೇಳಿದ್ದು ಇದು: ಆಹಾರ ಬಾಯಿಯಿಂದ ಹೋದರೆ ಮೈ ಅದನ್ನು ಸಹಿಸಲು ಕಲಿಯುತ್ತದೆ. ಬಿರುಕುಬಿಟ್ಟ ಚರ್ಮದ ಮೂಲಕ ಮೊದಲು ಹೊಕ್ಕರೆ ಶತ್ರು ಎಂದು ತಿಳಿಯುತ್ತದೆ. ವಿಕಾಸದ ದೃಷ್ಟಿಯಿಂದ ಇದು ಸರಿಹೊಂದುತ್ತದೆ. ಬಾಯಿಯಿಂದ ಬರುವುದು ಊಟ, ಚರ್ಮ ತೂರಿ ಬರುವುದು ಕುಟುಕು, ಉಣ್ಣಿ, ಕೊಕ್ಕೆಹುಳು. ಉದಾಹರಣೆಗಳೂ ಇವೆ. ಜಪಾನಿನಲ್ಲಿ ಗೋಧಿಯ ಪ್ರೋಟೀನು ಬೆರೆಸಿದ ಮುಖ ತೊಳೆಯುವ ಸೋಪು ಬಳಸಿದ 2,000ಕ್ಕೂ ಹೆಚ್ಚು ಜನರಿಗೆ ಗೋಧಿ ತಿನ್ನಲಾಗದಂತಾಯಿತು. ಅಮೆರಿಕದಲ್ಲಿ ಉಣ್ಣಿ ಕಚ್ಚಿದವರಿಗೆ ದನ, ಹಂದಿ, ಕುರಿಯ ಮಾಂಸ ತಿಂದ ಮೂರರಿಂದ ಆರು ಗಂಟೆಯ ಮೇಲೆ ಅಲರ್ಜಿ ಏಳುತ್ತದೆ. ಉಣ್ಣಿಯ ಜೊಲ್ಲಿನಲ್ಲೂ ಆ ಮಾಂಸದಲ್ಲೂ ಇರುವ ಆಲ್ಫಾ-ಗಾಲ್ ಎಂಬ ಸಕ್ಕರೆಯ ಅಣು ಅದಕ್ಕೆ ಕಾರಣ.

ನಮ್ಮಲ್ಲಿ ಮಗುವಿಗೆ ಕಡಲೆಹಿಟ್ಟು, ಹೆಸರುಹಿಟ್ಟು ಹಚ್ಚಿ ಮೀಯಿಸುವ ರೂಢಿ ಇದೆ. ಚರ್ಮ ನುಣುಪಾಗಿ ಗಟ್ಟಿಯಾಗಿದ್ದರೆ ಹೆದರಬೇಕಾಗಿಲ್ಲ. ಆದರೆ ಇಸುಬಿನಿಂದ ಕೆಂಪಾಗಿ ಬಿರಿದ ಚರ್ಮದ ಮೇಲೆ ತಿನ್ನುವ ಹಿಟ್ಟನ್ನು ಉಜ್ಜದಿರುವುದು ಒಳ್ಳೆಯದು ಎಂದು ಈ ಎಲ್ಲ ಓದಿನಿಂದ ನನಗೆ ಅನ್ನಿಸುತ್ತದೆ. ಅಂಥ ಮಗುವಿಗೆ ಮೊದಲು ಆಗಬೇಕಾದ್ದು ಇಸುಬಿನ ಚಿಕಿತ್ಸೆ.

ಬಾಯಿಯ ದಾರಿ ಸಹನೆ ಕಲಿಸುತ್ತದೆ ಎಂಬುದಕ್ಕೆ ದೊಡ್ಡ ಸಾಕ್ಷಿ 2015ರ 'ಲೀಪ್' ಅಧ್ಯಯನ. ಇಸ್ರೇಲಿನಲ್ಲಿ ಶಿಶುಗಳಿಗೆ ನೆಲಗಡಲೆಯ ತಿಂಡಿ ಬೇಗ ಕೊಡುತ್ತಾರೆ. ಅಲ್ಲಿನ ಯೆಹೂದಿ ಮಕ್ಕಳಿಗಿಂತ ಬ್ರಿಟನ್ನಿನ ಯೆಹೂದಿ ಮಕ್ಕಳಲ್ಲಿ ಅದರ ಅಲರ್ಜಿ ಸುಮಾರು ಹತ್ತು ಪಟ್ಟು ಇತ್ತು. ಅದನ್ನು ಕಂಡು ಲ್ಯಾಕ್ ಅವರ ತಂಡ ಅಪಾಯ ಹೆಚ್ಚಿದ್ದ 640 ಶಿಶುಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಐದು ವರ್ಷದವರೆಗೆ ನೆಲಗಡಲೆ ಕೊಡಲಿಲ್ಲ. ಇನ್ನೊಂದು ಗುಂಪು ಶೈಶವದಿಂದಲೇ ತಿಂದಿತು. ತಿಂದವರಲ್ಲಿ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆಯಾಗಿತ್ತು. ಅದಕ್ಕೂ ಮೊದಲು, 2000ದಲ್ಲಿ, ಅಮೆರಿಕದ ಮಕ್ಕಳ ವೈದ್ಯರ ಸಂಘ ಅಪಾಯ ಇರುವ ಮಕ್ಕಳಿಗೆ ಮೂರು ವರ್ಷದವರೆಗೆ ನೆಲಗಡಲೆ ಬೇಡ ಎಂದಿತ್ತು. ಕಾಪಾಡಲು ಕೊಟ್ಟ ಸಲಹೆಯೇ ಎಷ್ಟೋ ಮಕ್ಕಳಿಗೆ ತೊಂದರೆ ತಂದಿರಬಹುದು.

ಇಲ್ಲಿ ರಾಗಿ ಮಣ್ಣಿಯಿಂದ ಶುರುಮಾಡಿದ ಮಗುವಿಗೆ ಆರು ತಿಂಗಳಾದ ಮೇಲೆ ಮೊಟ್ಟೆ, ಮೀನು, ನುಣ್ಣಗೆ ಅರೆದ ನೆಲಗಡಲೆ, ಗೋಡಂಬಿಯನ್ನು ಮನೆಯ ಊಟದ ರೂಢಿಗೆ ತಕ್ಕಂತೆ ಒಂದೊಂದಾಗಿ ಕೊಡಬಹುದು. ಇಡೀ ಬೀಜ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇಸುಬು ಜೋರಾಗಿದ್ದರೆ ಅಥವಾ ಆಗಲೇ ಒಂದು ಆಹಾರ ಆಗಿಲ್ಲದಿದ್ದರೆ ವೈದ್ಯರನ್ನು ಕೇಳಿ ಶುರುಮಾಡಬೇಕು.

ಈಗ ನನಗೆ ನಿಜವಾಗಿ ಕಳವಳ ತರುವ ವಿಷಯಕ್ಕೆ ಬರುತ್ತೇನೆ. ಮಗುವಿಗೆ ಎರಡು ಸಲ ದದ್ದು ಎದ್ದರೆ ಸಾಕು, ರಕ್ತ ಕೊಟ್ಟು ಹತ್ತಾರು ಆಹಾರಗಳ 'ಅಲರ್ಜಿ ಪ್ಯಾನೆಲ್' ಮಾಡಿಸುತ್ತಾರೆ. ಪುಟದ ತುಂಬಾ ಪಾಸಿಟಿವ್. ಮರುದಿನದಿಂದ ಹಾಲಿಲ್ಲ, ಮೊಟ್ಟೆಯಿಲ್ಲ, ಮೀನಿಲ್ಲ, ಬೇಳೆಯೂ ಇಲ್ಲ. ಬೆಂಗಳೂರು, ಮೈಸೂರಿನ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಯಾವುದಾದರೂ ಆಹಾರಕ್ಕೆ ರಕ್ತದಲ್ಲಿ ಐಜಿಇ ಇದ್ದವರು ಶೇ. 26.5. ನಿಜವಾಗಿ ಅಲರ್ಜಿ ಇರಬಹುದಾದವರು ಶೇ. 1.2 ಮಾತ್ರ. ಭಾರತದ ಶಾಲಾಮಕ್ಕಳಲ್ಲಂತೂ ಅದು ಶೇ. 0.14 ಎಂದು 2020ರಲ್ಲಿ ಬಂತು. ಸೇನೆ ಗುರುತು ಹಿಡಿದಿದೆ, ಆದರೆ ಯುದ್ಧಕ್ಕೆ ಇಳಿದಿಲ್ಲ. ತಿಂದರೆ ಏನೂ ಆಗದ ಆಹಾರಕ್ಕೆ ಐಜಿಇ ಇದ್ದರೆ ಅದನ್ನು ಬಿಡಬೇಕಾಗಿಲ್ಲ. ಶಿಶುಗಳಲ್ಲಿ ಹಾಗೆ ಬಿಡಿಸಿದರೆ ಸಹನೆ ಕಳೆದುಹೋಗಿ ನಿಜವಾದ ಅಲರ್ಜಿ ಬರುವ ಅಪಾಯವೂ ಉಂಟು. ಐಜಿಜಿ ಎಂಬ ಇನ್ನೊಂದು ಪರೀಕ್ಷೆಯನ್ನೂ ಮಾರುತ್ತಾರೆ. ಅದು ತೋರಿಸುವುದು ನೀವು ಆ ಆಹಾರ ತಿಂದಿದ್ದೀರಿ ಎಂಬುದನ್ನಷ್ಟೇ. ಅಲರ್ಜಿ ತಜ್ಞರ ಸಂಘಗಳು ಅದನ್ನು ಶಿಫಾರಸು ಮಾಡುವುದಿಲ್ಲ. ಏನು ತಿಂದಾಗ, ಎಷ್ಟು ಹೊತ್ತಿನಲ್ಲಿ, ಏನಾಯಿತು, ಪ್ರತಿಸಲ ಹಾಗೇ ಆಯಿತೇ ಎಂಬ ವಿವರ ಬರೆದಿಟ್ಟು ವೈದ್ಯರಿಗೆ ಕೊಟ್ಟರೆ ಆ ಒಂದು ಹಾಳೆ ಪ್ಯಾನೆಲ್ಲಿಗಿಂತ ಬೆಲೆಯುಳ್ಳದ್ದು. ಹಾಲು, ಮೊಟ್ಟೆಯ ಅಲರ್ಜಿ ಮಗು ಬೆಳೆದಂತೆ ಬಿಟ್ಟುಹೋಗುವುದೇ ಹೆಚ್ಚು, ಗೋಡಂಬಿ, ಸೀಗಡಿಯದು ಸಾಮಾನ್ಯವಾಗಿ ಉಳಿಯುತ್ತದೆ.

ನಿಜವಾದ ಅಲರ್ಜಿ ಇರುವವರ ಮಾತೇ ಬೇರೆ. ಅವರಿಗೆ ಒಂದು ಚೂರೂ ಆಗದು. ಪೊಟ್ಟಣದ ಆಹಾರದ ಮೇಲೆ ನೆಲಗಡಲೆ, ಬೀಜಗಳು, ಮೊಟ್ಟೆ, ಹಾಲು, ಮೀನು, ಸೀಗಡಿ ಜಾತಿ, ಸೋಯಾ, ಗೋಧಿ ಇದೆಯೇ ಎಂದು ನಮೂದಿಸಲೇಬೇಕೆಂದು 2020ರ ಲೇಬಲ್ ನಿಯಮ ಹೇಳುತ್ತದೆ. ಮದುವೆಮನೆಯ ಕುರ್ಮಕ್ಕೆ ಲೇಬಲ್ ಇರುವುದಿಲ್ಲ. ಅರೆದು ಹಾಕಿದ್ದು ಕಣ್ಣಿಗೆ ಕಾಣುವುದೂ ಇಲ್ಲ, ಅಡುಗೆಯವರನ್ನೇ ಕೇಳಬೇಕು.

ಐಜಿಇಯನ್ನೇ ಹಿಡಿದುಹಾಕುವ ಒಮಲಿಜುಮ್ಯಾಬ್ ಔಷಧಿಗೆ ಆಹಾರದ ಅಲರ್ಜಿಗಾಗಿ 2024ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಬೆಲೆ ತೀರಾ ದುಬಾರಿ. ನಮ್ಮ ಕೈಗೆಟಕುವುದು ಅಡ್ರಿನಲಿನ್. ಅಲರ್ಜಿ ವಿಪರೀತಕ್ಕೆ ಹೋದಾಗ ಜೀವ ಉಳಿಸುವ ಅಗ್ಗದ ಇಂಜೆಕ್ಷನ್ ಅದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರಬೇಕಾದ್ದು. ಕಾಸರಗೋಡಿನ ನಮಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರಿನ ಆಸ್ಪತ್ರೆಯೇ ಗತಿ. 2020ರಲ್ಲಿ ಕೊರೊನಾದಿಂದಾಗಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಆ ಅವಲಂಬನೆ ಎಷ್ಟು ಎಂದು ಇಡೀ ಜಿಲ್ಲೆ ಕಂಡಿತು. ಆದರೆ ಆಹಾರದ ಅಲರ್ಜಿಯಲ್ಲಿ ಜೀವ ಹೋಗುವಂಥ ಹೊತ್ತು ಬಂದರೆ ಸಿಗುವ ಸಮಯ ಅರ್ಧ ಗಂಟೆಯ ಆಸುಪಾಸು. ಉಸಿರು ಕಟ್ಟಿದರೆ, ಸ್ವರ ಕೂತರೆ, ತಲೆತಿರುಗಿ ಬಿದ್ದರೆ ಮಂಗಳೂರಿನ ದಾರಿ ಹಿಡಿಯುವ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್ ಹಾಕಿಸಿ. ಸೆಟ್ರಿಜಿನ್ ಮಾತ್ರೆ ತುರಿಕೆ ಇಳಿಸೀತು, ಬಿಗಿದ ಶ್ವಾಸನಾಳವನ್ನು ಬಿಡಿಸದು. ರೋಗಿಯನ್ನು ಕಾಲು ಎತ್ತರಿಸಿ ಮಲಗಿಸಿ. ಉಸಿರಾಡಲು ಕಷ್ಟವಾದರೆ ಒರಗಿಸಿ ಕೂರಿಸಿ. ಎದ್ದು ನಡೆಸಬೇಡಿ. ಮೊದಲ ಇಂಜೆಕ್ಷನ್ನಿಗೆ ಸರಿಹೋದಂತೆ ಕಂಡರೂ ಕೆಲವು ಗಂಟೆ ಕಳೆದು ಮತ್ತೆ ಏಳುವುದುಂಟು, ಅಷ್ಟು ಹೊತ್ತು ಆಸ್ಪತ್ರೆಯಲ್ಲೇ ಇರಬೇಕು.